ಅತ್ತಿಗೆಗೊಂದು ಕುರ್ಚಿ

ಗಾಜು ನಡುಗುತ್ತಿದೆ, ಕಿಟಕಿಯ ಕೆಳಮೂಲೆಯ ಗಾಜು, ಕಂಬ ಅಂತ ನಾವು ಕರೆಯುವ ಉದ್ದನೆಯ ಹುಡುಗ ತನ್ನ ಆಳೆತ್ತರದ ಬಾಸ್ ಪಿಟೀಲಿನ ದಪ್ಪ ತಂತಿಯನ್ನು ಮೀಟಿದಾಗಲೆಲ್ಲ ಝರ್ರ್ ಅನ್ನುತ್ತದೆ, ಬೇರೆ ತಂತಿಗಳಿಗೆ ಉಸಿರೆತ್ತುವುದಿಲ್ಲ, ಅದೊಂದರ ಜೊತೆ ಏನೋ ಸಲಿಗೆ — ಒಂದು ಕಾಗದ ಮಡಚಿ ಸಿಕ್ಕಿಸಿದರೆ ನಿಲ್ಲುತ್ತದೆ, ಬೇಡ, ಇರಲಿ, ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ಅಂಗಡಿ, ಅದೂ ನಾಲ್ಕು ಮಾತಾಡಲಿ. ವಾದ್ಯದವರು ಶ್ರುತಿ ಮಾಡಿಕೊಳ್ಳುವ ಈ ಹೊತ್ತು ನನಗೆ ಹಾಡಿಗಿಂತ ಒಂದು ಗುಲಗಂಜಿ ಹೆಚ್ಚೇ ಇಷ್ಟ, ಹಸಿದು ಕೂತವರಿಗೆ ಅಡುಗೆಮನೆಯ ಪಾತ್ರೆಗಳ ಸದ್ದು ಕೇಳಿಸಿದ ಹಾಗೆ, ಇನ್ನೇನು ಬಡಿಸುತ್ತಾರೆ, ಇನ್ನೇನು. ಗಿಟಾರಿನವನು ತಂತಿಗೆ ಕಿವಿ ಹಚ್ಚಿದ್ದಾನೆ, ಹಾಡುವವಳು — ವಾರವೆಲ್ಲ ಬಸ್ಸು ಓಡಿಸುತ್ತಾಳೆ, ಇವತ್ತು ರಜೆ, ಆದರೂ ಕಾಲಲ್ಲಿ ಅದೇ ಡ್ಯೂಟಿ ಬೂಟು — ನೀರು ಕುಡಿದು ಬಾಟಲಿಯನ್ನು ರೆಕಾರ್ಡುಗಳ ಪಕ್ಕದಲ್ಲೇ ಇಟ್ಟಳು, ನೀರು ಕಂಡರೆ ನನಗೆ ಈಗಲೂ ದಿಗಿಲು, ಮುಚ್ಚಳ ಹಾಕಮ್ಮ ಅಂದೆ, ಹಾಕಿದ್ದೀನಿ ಅಕ್ಕ ಅಂತ ನಕ್ಕಳು. ಜನ ತುಂಬಿದ್ದಾರೆ, ರ‍್ಯಾಕುಗಳ ನಡುವೆ, ಮೆಟ್ಟಿಲ ಮೇಲೆ, ಬಾಗಿಲಾಚೆ ಫುಟ್‌ಪಾತಿನಲ್ಲೂ, ಎಲ್ಲರೂ ನಿಂತೇ ಇದ್ದಾರೆ, ನಮ್ಮಲ್ಲಿ ಯಾವಾಗಲೂ ನಿಂತು ಕೇಳುವುದೇ, ಕೂರಿಸುವಷ್ಟು ಜಾಗ ಎಲ್ಲಿದೆ, ಆದರೆ ಇವತ್ತು ಎಲ್ಲರಿಗಿಂತ ಮುಂದೆ, ಹಾಡುವವಳಿಗೆ ಎದುರಾಗಿ, ಒಂದೇ ಒಂದು ಕುರ್ಚಿ, ಮರದ್ದು, ಕೈಯಿರುವಂಥದ್ದು, ಮೇಲೆ ನನ್ನ ಮನೆಯ ದಿಂಬು, ಖಾಲಿ. ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ಅದರಲ್ಲಿ ಕೂರಲು ಹೋದರು, ಪಾಪ, ದಿನವಿಡೀ ಬೇರೆಯವರನ್ನು ಕುರ್ಚಿಯಲ್ಲಿ ಮಲಗಿಸಿ ತಾವು ಬಗ್ಗಿ ನಿಲ್ಲುವವರು, ನಾನು ಕೌಂಟರಿನಿಂದಲೇ ಬೇಡ ಅಂತ ತಲೆಯಾಡಿಸಿದೆ, ಯಾರಿಗೆ ಅಂತ ಕಣ್ಣಲ್ಲೇ ಕೇಳಿದರು, ಅತ್ತಿಗೆಗೆ ಅಂದೆ, ಓ ಅಂದು ಗೋಡೆಗೆ ಒರಗಿದರು. ಆ ಓಕಾರದೊಳಗೆ ಎಷ್ಟೋ ಇತ್ತು, ಬರ್ತಾರಾ ಅನ್ನುವುದೂ ಇತ್ತು. ಬರುತ್ತಾರಾ. ನಿನ್ನೆ ಫೋನಿನಲ್ಲಿ ನೋಡೋಣ ಅಂದರು, ಅಣ್ಣ ಹೇಳುತ್ತಿದ್ದ, ಅವಳು ಇಲ್ಲ ಅಂದ್ರೆ ಇನ್ನೂ ಆಸೆ ಇದೆ ಕಣೇ, ನೋಡೋಣ ಅಂದ್ರೆ ಮುಗೀತು.

ಅಣ್ಣ ಇದ್ದಿದ್ದರೆ ಈಗ ಎಡಗಡೆಯ ಸ್ಪೀಕರಿನ ಪಕ್ಕ ನಿಂತಿರುತ್ತಿದ್ದ, ಕೈ ಕಟ್ಟಿ, ತಲೆ ಬಗ್ಗಿಸಿ, ಮೇಷ್ಟ್ರ ಹತ್ತಿರ ಬೈಸಿಕೊಳ್ಳುವವನ ಹಾಗೆ. ನಮ್ಮಿಬ್ಬರಿಗೂ ಈ ಹುಚ್ಚು ಹಿಡಿದದ್ದು ಒಂದೇ ದಿನ, ಒಂದೇ ಬಾಗಿಲಲ್ಲಿ, ಹೋಟೆಲೊಂದರ ಹಿತ್ತಿಲ ಬಾಗಿಲು, ಒಳಗೆ ಯಾರದೋ ಸಂತೋಷಕೂಟ, ವಾದ್ಯದವರು ಬಂದಿದ್ದಾರೆ, ಸರ್ವರು ಟ್ರೇ ಹೊತ್ತು ಸೊಂಟದಿಂದ ಬಾಗಿಲು ದೂಡಿದಾಗಲೆಲ್ಲ ಒಂದು ತುಂಡು ಹಾಡು ಹೊರಗೆ ಬೀಳುತ್ತದೆ, ಬಾಗಿಲು ಮುಚ್ಚಿಕೊಂಡರೆ ಬರೀ ಗುಂಯ್, ಮತ್ತೆ ಒಂದು ತುಂಡು, ಆ ತುಂಡುಗಳನ್ನೆಲ್ಲ ಅಣ್ಣ ಮನೆಯ ದಾರಿಯುದ್ದಕ್ಕೂ ಜೋಡಿಸಿದ, ತಪ್ಪುತಪ್ಪಾಗಿ, ನಾನು ತಿದ್ದಿದೆ, ಅವನು ಜಗಳಕ್ಕೆ ನಿಂತ, ಇಡೀ ಬದುಕು ಅದೇ ಆಯಿತು. ಅವನಿಗೆ ಹಾಡುವವರು ಕಣ್ಣೆದುರಿಗೇ ಇರಬೇಕು, ಅವರ ಬೆವರು ಕಾಣಬೇಕು, ನನಗೆ ರೆಕಾರ್ಡು, ಅದರ ಕಪ್ಪು, ಅದರ ಹೊಳಪು, ಸೂಜಿ ಇಳಿದ ಮೇಲೂ ಹಾಡು ಶುರುವಾಗುವ ಮುಂಚಿನ ಆ ಸಣ್ಣ ಚರಚರ — ಹಾಗಾಗಿ ಹಗಲು ರೆಕಾರ್ಡು ಮಾರುವ ಅಂಗಡಿ, ಸಂಜೆ ಅದೇ ಅಂಗಡಿಯಲ್ಲಿ ಯಾರಾದರೂ ಬಂದು ನುಡಿಸುವುದು, ಯಾರೂ ಬರದಿದ್ದರೆ ನಾವೇ ಎಲ್ಲಿ ನುಡಿಸುತ್ತಿದ್ದಾರೆ ಅಂತ ಹುಡುಕಿಕೊಂಡು ಹೋಗುವುದು. ಅತ್ತಿಗೆ ಯಾವತ್ತೂ ಬರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಮುಖ್ಯ ಅಡುಗೆಯವರು ಅವರು, ಮಕ್ಕಳ ಹೊಟ್ಟೆ ಹೊರೆಯುವ ಕೆಲಸ, ಈ ಅಂಗಡಿಗೆ ಅವರಿಟ್ಟ ಹೆಸರು ಸವತಿ. ಬಂದ್ರಾ ಸವತಿ ಮನೆಯಿಂದ, ಊಟ ಅಲ್ಲೇ ಆಯ್ತಾ, ಇಲ್ಲಾ ನಾನು ಬಡಿಸಬೇಕಾ. ತಮಾಷೆಗೆ ಶುರುವಾದ ಮಾತು, ಬಹಳ ವರ್ಷ ತಮಾಷೆಯಾಗಿಯೇ ಇತ್ತು, ಅದರ ನಗು ಯಾವಾಗ ಉದುರಿತೋ ನಮಗೆ ತಿಳಿಯಲಿಲ್ಲ. ಅಣ್ಣ ಹೋದದ್ದು ಒಂದು ಸಾಧಾರಣ ಬೆಳಿಗ್ಗೆ, ಶೂ ಲೇಸು ಕಟ್ಟಲು ಬಗ್ಗಿದವನು ಏಳಲಿಲ್ಲ. ಆಮೇಲೆ ಅತ್ತಿಗೆ ಅಂಗಡಿಯ ರಸ್ತೆಗೇ ಕಾಲಿಡಲಿಲ್ಲ, ಸುತ್ತು ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದರು, ನನ್ನ ಜೊತೆ ಮಾತು ಬಿಟ್ಟರೆಂದಲ್ಲ, ಹುಷಾರಾಗಿದ್ದೀಯಾ, ತಿಂದ್ಯಾ, ಅಷ್ಟೇ, ಒಂದೇ ಒಂದು ಸಲ ಅಂದರು, ಅವರ ಸಂಜೆಗಳನ್ನೆಲ್ಲ ನೀವೇ ತಿಂದ್ರಿ ಕಣೇ, ನೀನೂ ನಿನ್ನ ಅಂಗಡೀನೂ, ನನಗೆ ಉಳಿದಿದ್ದು ಬೆಳಿಗ್ಗೆಗಳು, ಅದೂ ಅವರು ನಿದ್ದೆಗಣ್ಣಲ್ಲಿ ಇರ್ತಿದ್ದ ಬೆಳಿಗ್ಗೆಗಳು. ಅವರು ಅಂದದ್ದರಲ್ಲಿ ಸುಳ್ಳೇನಿತ್ತು.

ಆಮೇಲೆ ನೀರು. ಡಾಕ್ಟರ ಕ್ಲಿನಿಕ್ಕಿಗೆ ಹೋಗುವ ಹಳೇ ಪೈಪು ರಜೆಯ ದಿನ ಗೋಡೆಯೊಳಗೇ ಒಡೆದುಕೊಂಡಿದೆ, ಯಾರಿಗೂ ಗೊತ್ತಿಲ್ಲ, ಬೆಳಿಗ್ಗೆ ಬಂದು ಶಟರು ಎತ್ತಿದೆ, ಒಳಗಿನಿಂದ ನೀರು ಸದ್ದಿಲ್ಲದೆ ನನ್ನ ಚಪ್ಪಲಿಯ ಮೇಲೆ ಹರಿದು ಬಂತು, ಯಾವಾಗಿನಿಂದಲೋ ಕಾದು ನಿಂತಿದ್ದ ಹಾಗೆ. ಚಾವಣಿಯಿಂದ ಇನ್ನೂ ತೊಟ್ಟಿಕ್ಕುತ್ತಿತ್ತು, ಟಪ್, ಟಪ್, ತಾಳ ತಪ್ಪದೆ, ಆ ಹೊತ್ತಿನಲ್ಲೂ ನನ್ನ ಕಿವಿ ಅದನ್ನೇ ಕೇಳಿತು, ನಾಚಿಕೆಗೆಟ್ಟ ಕಿವಿ. ಕವರುಗಳು ಉಬ್ಬಿ ಒಂದಕ್ಕೊಂದು ಅಂಟಿ ಇಟ್ಟಿಗೆಗಳಾಗಿದ್ದವು, ಎಳೆದರೆ ಬಣ್ಣವೆಲ್ಲ ಬೆರಳಿಗೆ — ರೆಕಾರ್ಡಿಗೆ ನೀರಿನಿಂದ ಏನೂ ಆಗುವುದಿಲ್ಲ, ಒದ್ದೆ ಕಾಗದದೊಳಗೇ ಬಿಟ್ಟರೆ ಬೂಷ್ಟು ಹಿಡಿದು ಹಾಳಾಗುತ್ತದೆ, ಬೇಗ ತೆಗೆಯಬೇಕು, ತೊಳೆಯಬೇಕು, ನೆಟ್ಟಗೆ ನಿಲ್ಲಿಸಿ ಒಣಗಿಸಬೇಕು, ಗೊತ್ತು, ಎಲ್ಲ ಗೊತ್ತು, ಆದರೆ ನಾನು ಒಬ್ಬಳು, ಅವು ಅಂಗಡಿ ತುಂಬ. ಕೌಂಟರಿನ ಮೇಲೆ ಕಾಲೆತ್ತಿಕೊಂಡು ಕೂತುಬಿಟ್ಟೆ, ಸಾಕು, ಮುಚ್ಚೋಣ, ಅಣ್ಣನೂ ಇಲ್ಲ, ಇದೂ ಇಲ್ಲ, ಏನೋ ಒಂಥರಾ ಹಗುರ ಕೂಡ ಅನ್ನಿಸಿತು, ಅದಕ್ಕೇ ಹೆದರಿಕೆಯಾಯಿತು. ಡಾಕ್ಟರು ಬಂದು ಬಾಗಿಲಲ್ಲಿ ನಿಂತು ಅಳುವ ಹಾಗಾದರು, ನಂತರ ಯಾರು ಯಾರಿಗೋ ಫೋನು ಹಚ್ಚಿದರು, ನಾನು ತಲೆ ಎತ್ತಿದಾಗ ಏಪ್ರನ್ ಕಟ್ಟಿಕೊಂಡು ನೀರಿನಲ್ಲಿ ಪಚಪಚ ಹೆಜ್ಜೆ ಹಾಕುತ್ತ ಬರುತ್ತಿದ್ದವರು ಅತ್ತಿಗೆ. ಸುತ್ತಲೂ ನೋಡಿದರು. ಸವತಿಗೆ ಹುಷಾರಿಲ್ಲ ಅಂತ ಗೊತ್ತಾಯ್ತು, ನೋಡ್ಕೊಂಡು ಹೋಗೋಣ ಅಂತ ಬಂದೆ. ಆಮೇಲೆ ನನ್ನನ್ನು ನೋಡಿದರು, ಇಳಿ ಕೆಳಗೆ, ಯಾವುದು ಮೊದಲು ಎತ್ತಬೇಕು ಹೇಳು. ಶಾಲೆಗೆ ರಜೆ, ಅಡುಗೆಮನೆ ಖಾಲಿ, ಎಲ್ಲವನ್ನೂ ಅಲ್ಲಿಗೇ ಸಾಗಿಸಿದೆವು, ಅಲ್ಲಿ ಮಕ್ಕಳ ಊಟದ ತಟ್ಟೆ ನಿಲ್ಲಿಸಿಡುವ ಉದ್ದುದ್ದ ಸ್ಟೀಲಿನ ಸ್ಟ್ಯಾಂಡುಗಳು, ಅಳತೆ ಕೊಟ್ಟು ಮಾಡಿಸಿದ ಹಾಗೆ ಒಂದೊಂದು ಸಂದಿಗೂ ಒಂದೊಂದು ರೆಕಾರ್ಡು ಕೂತಿತು, ಹಳಬರು ಇವನ್ನ ಪ್ಲೇಟು ಅಂತ ಸುಮ್ಮನೆ ಕರೀಲಿಲ್ಲ ಅಂದರು ಅತ್ತಿಗೆ. ಜನ ಬಂದರು, ಕೊಳ್ಳುವವರು, ಬರೀ ನೋಡಿ ಹೋಗುವವರು, ಒಂದು ದಿನವೂ ಏನೂ ಕೊಳ್ಳದೆ ಮಧ್ಯಾಹ್ನವೆಲ್ಲ ಪುಕ್ಕಟೆ ಕೇಳಿ ಹೋಗುತ್ತಿದ್ದ ಕಂಬ ಎಲ್ಲರಿಗಿಂತ ಮೊದಲು, ಡಾಕ್ಟರು ಮೆತ್ತನೆಯ ಹಲ್ಲುಜ್ಜುವ ಬ್ರಷ್ಷುಗಳ ಡಬ್ಬವನ್ನೇ ಹೊತ್ತು ತಂದರು, ರೆಕಾರ್ಡಿನ ಗೆರೆಗಳಿಗೆ, ಅವಸರ ಬೇಡ, ದುಂಡಗೆ ಉಜ್ಜಿ, ರೋಗಿಗಳಿಗೆ ಹೇಳುವ ಅದೇ ದನಿ, ಯಾರೋ ಬಾಯಿ ಮುಕ್ಕಳಿಸಬೇಕಾ ಡಾಕ್ಟ್ರೇ ಅಂದರು, ಎಲ್ಲರೂ ನಕ್ಕರು, ನಾನೂ ನಕ್ಕೆ, ನನ್ನ ನಗು ನನಗೇ ಕೇಳಿಸಿತು. ಇಷ್ಟು ಕೈಗಳು, ನಾನು ಯಾರಿಗೆ ಏನು ಮಾಡಿದ್ದೆ, ಹಾಡು ಕೇಳಿಸಿದ್ದೆ ಅಷ್ಟೇ. ಅತ್ತಿಗೆ ತೊಳೆಯುತ್ತಿದ್ದರು, ನಾನು ಒರೆಸುತ್ತಿದ್ದೆ, ಆಗ ಕೇಳಿದರು, ಕೈ ನಿಲ್ಲಿಸದೆ, ಅಲ್ಲಿ ಹೋಗಿ ನಿಮ್ಮಣ್ಣ ಏನು ಮಾಡ್ತಿದ್ರು. ಏನೂ ಮಾಡ್ತಿರಲಿಲ್ಲ ಅತ್ತಿಗೆ, ಸುಮ್ಮನೆ ನಿಂತ್ಕೊಂಡು ಕೇಳ್ತಿದ್ದ. ಅಷ್ಟೇನಾ. ಅಷ್ಟೇ. ಬಹಳ ಹೊತ್ತು ಒಂದೇ ರೆಕಾರ್ಡನ್ನು ತೊಳೆದರು. ಮದುವೆ ಹೊಸದರಲ್ಲಿ ಒಂದೆರಡು ಸಲ ನನ್ನನ್ನೂ ಕರೆದಿದ್ರು, ನಾನೇ ಒಲ್ಲೆ ಅಂದೆ, ದಿನವಿಡೀ ಒಲೆ ಮುಂದೆ ನಿಂತು ಬಂದಿರ್ತೀನಿ, ಅಲ್ಲೂ ನಿಂತೇ ಕೇಳಬೇಕು ಅಂದ್ರು, ಕಾಲು ಒಪ್ಪಬೇಕಲ್ಲ, ಒಂದು ಕುರ್ಚಿ ಹಾಕಿದ್ದಿದ್ರೆ ನಾನೂ ಬರ್ತಿದ್ನೇನೋ. ಒಂದು ಕುರ್ಚಿ. ಅಷ್ಟೇನಾ ಅಂತ ಈ ಸಲ ನಾನು ಕೇಳಬೇಕಿತ್ತು, ರೆಕಾರ್ಡು ಒರೆಸಿದೆ, ಒಣಗಿದ್ದನ್ನೇ ಮತ್ತೆ ಒರೆಸಿದೆ.

ಗಿಟಾರಿನವನು ನನ್ನ ಕಡೆ ನೋಡುತ್ತಿದ್ದಾನೆ, ಶುರು ಮಾಡಲಾ, ಇನ್ನೊಂದು ಕ್ಷಣ ತಾಳಪ್ಪ, ಜನ ಮಿಸುಕಾಡುತ್ತಿದ್ದಾರೆ, ಎಷ್ಟೂಂತ ಕಾಯಿಸುವುದು, ಸರಿ, ಅತ್ತಿಗೆ ನೋಡೋಣ ಅಂದರೆ ಮುಗೀತು, ಅಣ್ಣನಿಗಿಂತ ಚೆನ್ನಾಗಿ ಬಲ್ಲವರು ಯಾರು, ನಾನು ತಲೆಯಾಡಿಸುವಷ್ಟರಲ್ಲಿ ಬಾಗಿಲ ಹತ್ತಿರ — ಬಿಸಿ ಇದೆ, ಬಿಸಿ ಇದೆ, ಸ್ವಲ್ಪ ಜರುಗಿ — ಅಡುಗೆಮನೆಯಲ್ಲಿ ದಾರಿ ಬಿಡಿಸಿಕೊಳ್ಳುವ ದನಿ, ಜನ ಹೌಹಾರಿ ಎರಡು ಕಡೆ ಸರಿದರು, ನೋಡಿದರೆ ಕೈಯಲ್ಲಿ ಏನೂ ಇಲ್ಲ, ಬರೀ ಒಂದು ಕೈಚೀಲ, ಅತ್ತಿಗೆ. ಕುರ್ಚಿ ನೋಡಿದರು, ನನ್ನನ್ನು ನೋಡಿದರು. ಎಲ್ಲರೂ ನಿಂತಿರೋವಾಗ ನಾನೊಬ್ಬಳೇ ಕೂರೋದಾ. ಕೂತ್ಕೊಳ್ಳಿ ಅತ್ತಿಗೆ ಅಂದೆ, ದಿಂಬಿನ ಕಡೆ ಕೈ ತೋರಿಸಿದೆ. ಕೂತರು, ತುದಿಯಲ್ಲಿ, ಕೈಚೀಲ ತೊಡೆಯ ಮೇಲೆ, ಮುಂದಿನ ಸ್ಟಾಪಿನಲ್ಲಿ ಇಳಿಯುವವರ ಹಾಗೆ. ಹಾಡು ಎದ್ದಿತು. ನಾನು ಹಾಡು ಕೇಳುತ್ತಿಲ್ಲ, ಅವರ ಬೆನ್ನು ಕೇಳುತ್ತಿದ್ದೇನೆ, ಬೆನ್ನು ನೆಟ್ಟಗಿದೆ, ಏಳುತ್ತಾರಾ, ಇಲ್ಲ, ಒಂದು ಹಾಡು ಮುಗಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಅತ್ತಿಗೆ ತಟ್ಟಲಿಲ್ಲ, ಹಾಡುವವಳ ಬೂಟನ್ನೇ ನೋಡುತ್ತಿದ್ದರು, ಅವಳೂ ದಿನವಿಡೀ ದುಡಿದು ಬರುವವಳು ಅಂತ ಗುರುತು ಹಿಡಿದಿರಬೇಕು. ಎರಡನೆಯ ಹಾಡು, ನಿಧಾನದ್ದು, ಕಂಬ ಕಣ್ಣು ಮುಚ್ಚಿದ್ದಾನೆ, ಅತ್ತಿಗೆ ಹಿಂದಕ್ಕೆ ಒರಗಿದರು, ಕೈಚೀಲ ಜಾರಿ ದಿಂಬಿನ ಪಕ್ಕಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ. ನನ್ನ ಮುಂದೆ ನಿಂತ ಇಬ್ಬರ ಮಧ್ಯದ ಸಂದಿಯಿಂದ ನನಗೆ ಈಗ ಕಾಣುವುದು ಅವರ ಒಂದು ಪಾದ ಮಾತ್ರ, ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಿದ್ದಾರೆ, ನಿಂತು ನಿಂತು ಅಗಲವಾದ ಪಾದ, ಅದರ ಹೆಬ್ಬೆರಳು — ಮೇಲೆದ್ದಿತಾ, ಎದ್ದಿತು, ಇಳಿಯಿತು. ಇಲ್ಲ, ನೋವಿಗೆ ಆಡಿಸಿರಬೇಕು, ಎಷ್ಟು ಹೊತ್ತು ನಡೆದು ಬಂದರೋ. ಡಾಕ್ಟರು ಗೋಡೆಗೊರಗಿ ಚಾವಣಿ ನೋಡುತ್ತಿದ್ದಾರೆ, ಹೊಸ ಪೈಪು ಹಾಕಿಸಿದ್ದಾರೆ, ಆದರೂ ನೋಡುತ್ತಾರೆ, ಒಳ್ಳೆಯವರು, ಆ ಹಳೇ ಪೈಪಿಗೂ ಒಂದು ನಮಸ್ಕಾರ ಹಾಕಬೇಕು, ಯಾರಾದರೂ ಕೇಳಿದರೆ ತಲೆ ಕೆಟ್ಟಿದೆ ಅನ್ನುತ್ತಾರೆ, ಇರಲಿ — ಹೆಬ್ಬೆರಳು, ಮತ್ತೆ, ಎದ್ದಿತು, ಇಳಿಯಿತು, ನೋವಲ್ಲ ಅದು, ತಾಳಕ್ಕಿಂತ ಒಂದು ಚೂರು ಹಿಂದೆ, ಒಮ್ಮೊಮ್ಮೆ ಎರಡು ಚೂರು, ತುಂಬಿದ ಪಾತ್ರೆ ಹೊತ್ತುಕೊಂಡು ತುಳುಕದ ಹಾಗೆ ನಡೆಯುವವರ ಹಾಗೆ, ಅವಸರವೇ ಇಲ್ಲ. ರ‍್ಯಾಕಿನಲ್ಲಿ ರೆಕಾರ್ಡುಗಳು ಗ್ರಾಹಕರೇ ಬಣ್ಣ ಬಳಿದು ಮಾಡಿಕೊಟ್ಟ ಕವರುಗಳಲ್ಲಿ ನಿಂತಿವೆ, ಒಂದರ ಮೇಲೆ ಯಾರೋ ಬರೀ ಆಕಾಶ ಬರೆದಿದ್ದಾರೆ, ಚೆನ್ನಾಗಿದೆ, ಎಲ್ಲ ಚೆನ್ನಾಗಿದೆ, ಇಷ್ಟೆಲ್ಲ ನನಗೆ ಕೊಟ್ಟವರು ಯಾರು, ಯಾರಿಗೆ ಹೇಳಲಿ, ಅಣ್ಣನಿಗೆ ಹೇಳಬೇಕು, ಅಣ್ಣ, ಬಂದಿದ್ದಾರೆ ಕಣೋ, ಕೂತಿದ್ದಾರೆ, ಮುಖ ಕಾಣ್ತಿಲ್ಲ, ಬೆನ್ನೂ ಈಗ ಕಾಣ್ತಿಲ್ಲ, ಆದರೆ — ಹಾಡು ಏರುತ್ತಿದೆ, ಹಾಡುವವಳು ಕೈ ಎತ್ತಿದಳು, ಜನ ತೂಗುತ್ತಿದ್ದಾರೆ, ಸಂದಿ ಮುಚ್ಚಿಕೊಂಡಿತು, ತೆರೆಯಿತು, ಮುಂದಿನ ವಾರ ಯಾರನ್ನು ನುಡಿಸಲು ಕರೆಯುವುದು, ಯೋಚಿಸಬೇಕು, ಏನೋ ಯೋಚಿಸುತ್ತಿದ್ದೆ, ಏನದು, ಹೆಬ್ಬೆರಳು, ಎದ್ದು, ಸ್ವಲ್ಪ ತಡೆದು, ನೆಲಕ್ಕೆ, ಎದ್ದು, ತಡೆದು, ಹೆಬ್ಬೆರಳು