ರೇಸಿನ ದಾರಿಯಲ್ಲಿ ಅಮೋಘಸಿದ್ಧ

ಹೊಸ್ತಿಲು ದಾಟಿದ್ದ ಅಮೋಘಸಿದ್ಧನ ಹೆಣವನ್ನು ಗೌಡರ ಆಳು ಮಡಿವಾಳಪ್ಪ ಮತ್ತೆ ಮನೆಯೊಳಕ್ಕೆ ಹೊಗಿಸಿದ.

ಹೊತ್ತವರು ಹಿಂದೆ ಹೆಜ್ಜೆಯಿಟ್ಟರು. ಬಿದಿರಿನ ವಿಮಾನದಲ್ಲಿ ಕೂಡಿಸಿದ್ದ ಹೆಣದ ತಲೆ ಬಾಗಿಲ ಚೌಕಟ್ಟಿಗೆ ಬಡಿಯುವುದರಲ್ಲಿತ್ತು. ಸತ್ತವನ ತಮ್ಮ ಸೋಮನಿಂಗ ಕೈ ಅಡ್ಡ ಕೊಟ್ಟ. ಡೊಳ್ಳು ನಿಂತಿತು.

"ಬಿಜಾಪುರದಿಂದ ಸೈಕಲ್ ರೇಸ್ ಬಿಟ್ಟಾರ," ಎಂದ ಮಡಿವಾಳಪ್ಪ. "ಡಾಂಬರ ರಸ್ತಿ ಮ್ಯಾಲ ಗೌಡ್ರು ಪೆಂಡಾಲ ಹಾಕ್ಯಾರ, ಸೊಲ್ಲಾಪುರದ ಸಾಹೇಬ್ರು ಬಂದು ಕುಂತಾರ. ಅವರ ಮುಂದ ಕುರುಬರ ಹೆಣಾ ಹೋಗೂದು ಚೊಲೋ ಕಾಣೂದಿಲ್ಲ. ಹಳ್ಳದ ದಾರಿ ಹಿಡೀರಿ."

"ಹಳ್ಳದಾಗ ಆಳೆತ್ತರ ಜಾಲಿ ಬೆಳದೈತ್ರಿ. ಕುಂತ ಹೆಣಾ ಹ್ಯಾಂಗ ದಾಟತೈತಿ?" ಎಂದ ಸೋಮನಿಂಗ.

"ಕಂಬಳಿಯಾಗ ಸುತ್ತಿ ಮಲಗಿಸಿಕೊಂಡು ಹೋಗ್ರಿ."

"ರೇಸ್ ಹೋಗೂತನಾ ತಡೀತೇವ್ರಿ ಹಂಗಾದ್ರ."

"ಝಳಕಿ ಮುಟ್ಟಿ ಮತ್ತ ಇಲ್ಲೇ ತಿರುಗಿ ಬರತಾರ. ಬಕ್ಷೀಸ ಕೊಡೂದು ಇಲ್ಲೇ. ಕತ್ತಲಾಗೂತನಾ ರಸ್ತಿ ಖುಲ್ಲಾ ಇರಬೇಕು."

ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ಕುರುಬರ ಮಂದಿಯಲ್ಲಿ ಹೆಣ ಕೂತೇ ಹೋಗಬೇಕು, ರುಮಾಲು ಸುತ್ತಿಕೊಂಡು, ಮುಖ ತೆರೆದುಕೊಂಡು, ಬದುಕಿದ್ದಾಗ ಊರು ನೋಡಿದ ಹಾಗೆ. ಮಲಗಿಸಿ ಒಯ್ಯುವುದು ಸತ್ತ ದನವನ್ನು. ಚಂದವ್ವ ಗಂಡನ ಮುಖ ನೋಡಿದಳು.

ಮಡಿವಾಳಪ್ಪ ಹೊರಗೆ ಕಟ್ಟೆಯ ಮೇಲೆ ಕಾವಲು ಕೂತ. ನೆರೆಮನೆಯ ಸುಲ್ತಾನಬಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಸಾಯಾಕೂ ರೇಸಿನ ದಿನಾನ ಹುಡಿಕ್ಯಾನ ನೋಡ ಚಂದವ್ವಾ. ಬಲೇ ಹುಷಾರ ನಿನ್ನ ಗಂಡ."

"ಹ್ವಾದ ವರ್ಷ ಜ್ವರದಾಗ ಎದ್ದು ಹೋಗಿದ್ದ," ಎಂದಳು ಚಂದವ್ವ. "'ಆ ಹುಡುಗೂರಿಗೆ ಸೈಕಲ್ ತುಳಿಯಾಕ ಪಗಾರ ಕೊಡ್ತಾರ, ಗೊತ್ತೈತೇನ?' ಅಂದ. ನೋಡಾಕ ನಿನಗ ಯಾರ ಕೊಡ್ತಾರೋ ಭಾಡ್ಯಾ ಅಂತ ಬೈದಿದ್ದೆ."

ಅಳುತ್ತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಚಂದವ್ವನಿಗೂ ನಗು ಬಂತು, ಹಿಂದೆಯೇ ಅಳು.

* * *

ಮೊದಲ ಸಲ ರೇಸು ಬಂದಾಗ ಊರಿಗೆ ಅದರ ಸುಳಿವೇ ಇರಲಿಲ್ಲ. ಅಮೋಘಸಿದ್ಧ ರಸ್ತೆಯ ಬದಿಗೆ ಕುರಿ ತರುಬಿ ನಿಂತಿದ್ದ. ಚಂದವ್ವ ಬುತ್ತಿ ತಂದಿದ್ದಳು. ಒಬ್ಬ ಸೈಕಲ್ಲಿನವನು ಹ್ಯಾಂಡಲ್ಲಿಗೆ ಎದೆ ಹಚ್ಚಿಕೊಂಡು ಹಾರಿಹೋದ. ಅವನ ಬೆನ್ನಿಗೆ ಮತ್ತಿಬ್ಬರು.

ಆ ಸೀಮೆಯಲ್ಲಿ ಅಷ್ಟು ಅವಸರದಿಂದ ಸೈಕಲ್ ತುಳಿಯುವುದು ಒಂದೇ ಕೆಲಸಕ್ಕೆ, ಬೀಗರ ಊರಿಗೆ ಸಾವಿನ ಸುದ್ದಿ ಮುಟ್ಟಿಸಲು.

"ಯಾರ ಹ್ವಾದ್ರೋ ತಮ್ಮಾ?" ಎಂದು ಅಮೋಘಸಿದ್ಧ ಕೂಗಿದ. ಯಾರೂ ನಿಲ್ಲಲಿಲ್ಲ. ಅಷ್ಟರಲ್ಲಿ ಹಿಂಡುಹಿಂಡಾಗಿ ಬಂದರು.

"ಇಷ್ಟ ಮಂದೀನ ಅಟ್ಟ್ಯಾರಂದ್ರ ಭಾಳ ದೊಡ್ಡಾವ ಸತ್ತಾನ," ಎಂದು ಅವನು ರುಮಾಲು ತೆಗೆದು ನಿಂತ. ಚಂದವ್ವ ತಲೆ ತುಂಬ ಸೆರಗು ಹೊದ್ದು, ಯಾರಿಗೆಂದು ಗೊತ್ತಿಲ್ಲದಿದ್ದರೂ ಇರಲಿ ಎಂದು ಒಂದಿಷ್ಟು ಅತ್ತಳು.

ಚೈನು ಕಳಚಿ ಒಬ್ಬ ಅಲ್ಲೇ ನಿಂತ. ಅಮೋಘಸಿದ್ಧ ಓಡಿಹೋಗಿ ಅವನ ಎರಡೂ ಕೈ ಹಿಡಿದುಕೊಂಡ. "ನಿಮ್ಮಪ್ಪ ಏನೋ ತಮ್ಮಾ?" ಪುಣೆಯ ಆ ಹುಡುಗನಿಗೆ ಕನ್ನಡ ಬಾರದು. ಕಣ್ಣೀರು ತುಂಬಿದ ಕುರುಬನನ್ನು ಪಿಳಿಪಿಳಿ ನೋಡಿದ, ಚಂದವ್ವ ಕೊಟ್ಟ ಮಜ್ಜಿಗೆ ಗಟಗಟನೆ ಕುಡಿದ, ಚೈನು ಸರಿಮಾಡಿಕೊಂಡು ಕೈಯೆತ್ತಿ ಹೋದ.

ಚಹಾದ ಅಂಗಡಿಯ ದಾವಲಮಲಿಕ ಅದು ರೇಸೆಂದು ತಿಳಿಸಿ ಹೇಳಿದಾಗ ಊರೇ ಬಿದ್ದುಬಿದ್ದು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ಅಮೋಘಸಿದ್ಧ. "ಯಾರೂ ಸಾಯಲಾರದ ಇಷ್ಟ ಜೋರ ಓಡ್ತಾರಂದ್ರ, ಜಗತ್ತು ಇನ್ನೂ ಚೊಲೋ ಐತಿ ಬಿಡು," ಎಂದ.

ಅಂದಿನಿಂದ ಒಂದು ವರ್ಷವೂ ತಪ್ಪಿಸಲಿಲ್ಲ. ಎಪ್ಪತ್ತೆರಡರ ಬರದಲ್ಲಿ ಊರಿನ ಕುರುಬರೆಲ್ಲ ಕುರಿ ಮಾರಿ ಕೂಲಿಗೆ ಅದೇ ರಸ್ತೆಯ ಖಡಿಕಲ್ಲು ಒಡೆದರು. ಸಂಜೆ ಎಲ್ಲರೂ ಮನೆಗೆ ಹೋದ ಮೇಲೂ ಅವನು ತಿರುವಿನಲ್ಲಿ ಕುಕ್ಕರಗಾಲಲ್ಲಿ ಕೂತು ಉಳಿದ ಹರಳುಗಳನ್ನು ಆರಿಸುತ್ತಿದ್ದ. "ಹುಡುಗೂರ ಗಾಲಿ ಸಣ್ಣಾವು. ಜಾರಬಾರದು."

* * *

ಸೋಮನಿಂಗ ಗೂಟದ ಮೇಲಿನ ಕಂಬಳಿ ಇಳಿಸಿದ.

"ಅತ್ತಿಗೆವ್ವಾ, ಗೌಡ್ರ ಕೂಡ ನಮಗ್ಯಾಕ? ನಾಳಿ ಅವರ ಹೊಲದಾಗ ಕುರಿ ಬಿಡಲಿಲ್ಲಂದ್ರ ಎಲ್ಲಿ ಮೇಸೂಣು? ಹೋದಾಂವ ಹ್ವಾದ."

"ಇನ್ನೂ ಹೋಗಿಲ್ಲೋ. ಇಲ್ಲೇ ಕುಂತಾನ."

ಚಂದವ್ವ ಕಂಬಳಿ ಕಸಿದುಕೊಂಡಳು. ನಾಲ್ಕು ಮಡಿಕೆ ಮಾಡಿ ಮೈದುನನ ಹೆಗಲ ಮೇಲಿಟ್ಟಳು. "ಬಿದಿರು ಒತ್ತತೈತಿ. ಇದನ್ನ ಇಟಗೊಂಡು ಎತ್ತು."

ಡೊಳ್ಳಿನವನು ಸೋಮನಿಂಗನ ಮುಖ ನೋಡಿದ. ಸೋಮನಿಂಗ ಬಿದಿರಿಗೆ ಹೆಗಲು ಕೊಟ್ಟ. ಡೊಳ್ಳು ಗುಡುಗಿತು. ಕಟ್ಟೆಯಿಂದ ಮಡಿವಾಳಪ್ಪ ಎದ್ದು ನಿಲ್ಲುವಷ್ಟರಲ್ಲಿ ಅಮೋಘಸಿದ್ಧ ಓಣಿ ದಾಟಿದ್ದ.

ರಸ್ತೆಗೆ ಮುಟ್ಟಿದಾಗ ಹೆಗಲು ಬದಲಿಸಲು ವಿಮಾನ ಇಳಿಸಿದರು. ಎದುರಿಗೇ ಗೌಡರ ಪೆಂಡಾಲು. ಸಾಹೇಬರ ನಡುವಿನಿಂದ ಗೌಡರು ಎದ್ದು ನಿಂತರು. ಮಾತಾಡಲು ವೇಳೆ ಸಿಗಲಿಲ್ಲ.

"ಬಂದ್ರೋ!" ಎಂದು ಯಾರೋ ಕೂಗಿದರು.

ಮಿಡತೆಯ ಹಿಂಡಿನ ಸದ್ದು. ಕೆಂಪು, ಹಳದಿ, ನೀಲಿ ಅಂಗಿಗಳು ಬಾಗಿದ ಬೆನ್ನುಗಳಿಗೆ ಅಂಟಿಕೊಂಡು ತಿರುವಿನಲ್ಲಿ ಒಮ್ಮೆಲೇ ವಾಲಿದವು, ಒಮ್ಮೆಲೇ ನೆಟ್ಟಗಾದವು. ಒಂದು ಗಾಲಿಯೂ ಜಾರಲಿಲ್ಲ. ಅವು ಎಬ್ಬಿಸಿದ ಗಾಳಿಗೆ ಅಮೋಘಸಿದ್ಧನ ರುಮಾಲಿನ ಚುಂಗು ಮೇಲೆದ್ದು ಹಾರಿತು, ಅವನೇ ತಲೆ ತಿರುಗಿಸಿ ನೋಡಿದ ಹಾಗೆ. ಸುಲ್ತಾನಬಿ "ಯಾ ಅಲ್ಲಾ" ಎಂದಳು.

ಮಡಿವಾಳಪ್ಪ ಏದುತ್ತ ಬಂದ.

"ಗೌಡ್ರು ಹೇಳ್ಯಾರ. ಮಾರಿ ಮ್ಯಾಲ ಅರಿವಿ ಹಾಕಿ ಈಗಿಂದೀಗ ಹಳ್ಳಕ್ಕ ಇಳಿಸ್ರಿ. ಎತ್ರಿ!"

ಹೊರುವ ನಾಲ್ವರೂ ಚಂದವ್ವನತ್ತ ನೋಡಿದರು. ಅವಳು ಗಂಡನ ಕಾಲ ಬಳಿ, ಡಾಂಬರಿನ ಅಂಚಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಬಿಸಿಲಿಗೆ ಮೆತ್ತಗಾಗಿದ್ದ ಡಾಂಬರಿನ ಮೇಲೆ ಗಾಲಿಗಳ ತೆಳ್ಳನೆ ಗೆರೆಗಳು ಝಳಕಿಯ ಕಡೆಗೆ ಹೋಗಿದ್ದವು.

"ಎತ್ತೂದಿಲ್ಲ," ಎಂದಳು. "ಹುಡುಗೂರು ತಿರುಗಿ ಬರೂದೈತಿ."