ಕಾರ್ಲೊನ ಅಂಗಿಯ ಬಾಲ

ಲೆಂಪಿ ಗಂಡನ ಶವದ ಬೆನ್ನ ಕೆಳಗೆ ಕೈ ತೂರಿಸಿ ಅಂಗಿಯನ್ನು ಹೊರಗೆಳೆಯುತ್ತಿದ್ದಳು. ಚರ್ಚಿನ ಮುಂದಿನ ಸಾಲಿನವರು ಕೆಮ್ಮಿದರು. ಹೊಸದಾಗಿ ಬಂದಿದ್ದ ಎಳೆಯ ಪಾದ್ರಿ ನೋಡಬೇಕೋ ಬೇಡವೋ ತಿಳಿಯದೆ ಪ್ರಾರ್ಥನೆ ಪುಸ್ತಕ ಹಿಡಿದು ನಿಂತ.

“ಏನೇ ಮಾಡ್ತಿದೀಯ ಲೆಂಪಿ? ಊರೆಲ್ಲಾ ನೋಡ್ತಿದೆ,” ಎಂದು ಕಾರ್ಲೊನ ಅಕ್ಕ ಹಿಲ್ಯಾ ಪಿಸುಗುಟ್ಟಿದಳು.

“ನೋಡ್ಲಿ ಬಿಡಿ ಅಕ್ಕ. ಹೊಸಾ ಅಂಗಿ ಇದು. ಆ ಇಬ್ಬರನ್ನ ನಾನು ನಂಬಲ್ಲ.”

ನಂಬದಿದ್ದದ್ದೇ ಸರಿ. ಅಂಗಿಯ ಹಿಂಬದಿಯ ಬಾಲ, ಅಂದರೆ ಪ್ಯಾಂಟಿನೊಳಗೆ ಸಿಕ್ಕಿಸುವ ಗುಂಡನೆಯ ತುದಿ, ಇರಲಿಲ್ಲ. ಯಾರೋ ಕತ್ತರಿಯಿಂದ ಸೊಟ್ಟಸೊಟ್ಟಗೆ ಕತ್ತರಿಸಿಕೊಂಡಿದ್ದರು. ಲೆಂಪಿ ಸೊಂಟ ನೆಟ್ಟಗೆ ಮಾಡಿ ತಿರುಗಿದಳು. ಎರಡನೇ ಸಾಲಿನಲ್ಲಿ ಕಾರ್ಲೊನ ಬೇಟೆಯ ಜೊತೆಗಾರರಿಬ್ಬರೂ ಕೂತಿದ್ದರು. ಸುಲೊ ಚಾವಣಿ ನೋಡುತ್ತಿದ್ದ, ರೈನೊ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

“ಸುಲೊ, ಎಲ್ಲಿದೆ ಅದು?”

“ಜೇಬಲ್ಲಿದೆ. ಸಂಜೆ ಬೇಟೆ ಬಿಡಾರದ ಗೋಡೆಗೆ ಹೊಡೀತೀವಿ. ಏನ್ ಮಾಡೋದಮ್ಮ, ನೇಮ ಅಂದ್ರೆ ನೇಮ. ಈಡು ತಪ್ಪಿದರೆ ಬಾಲ ಹೋಗಬೇಕು. ಸತ್ತೋರಿಗೆ ಅಂತ ಬೇರೆ ಕಾನೂನು ಮಾಡೋಕಾಗುತ್ತಾ?”

“ಹೆಣದ ಅಂಗಿಗೂ ಕತ್ತರಿ ಹಾಕಿದ್ರಲ್ಲೋ, ನಿಮ್ಮ ಮನೆ ಕಾಯ್ಹೋಗ!”

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ನಮ್ಮೂರಲ್ಲಿ ನವೆಂಬರ್ ಹದಿನೈದರಂದು ಯಾರೂ ಸಾಯುವುದಿಲ್ಲ. ಯಾರಿಗೂ ಪುರುಸೊತ್ತಿರುವುದಿಲ್ಲ. ಅಂದು ಜಿಂಕೆ ಬೇಟೆ ಶುರು. ಶಾಲೆಗೂ ರಜೆ, ಗರಗಸದ ಮಿಲ್ಲಿಗೂ ರಜೆ. ಆದರೆ ಕಾರ್ಲೊ ಅಂದೇ ಸತ್ತ. ಬೆಳಿಗ್ಗೆ ಅವನ ಕಡೆಯಿಂದ ಒಂದು ಈಡಿನ ಸದ್ದು ಕೇಳಿತ್ತು. ಆಮೇಲೆ ಸರೋವರದ ಕಡೆಯಿಂದ ಗಾಳಿ ಎದ್ದು ಹಿಮ ಸುರಿಯಿತು. ಊಟದ ಹೊತ್ತಿಗೂ ಬಾರದಾಗ ಸುಲೊ, ರೈನೊ ಹುಡುಕಿಕೊಂಡು ಹೋದರೆ, ಹೆಮ್ಲಾಕ್ ಮರಕ್ಕೊರಗಿ ಕೂತಿದ್ದವನು ಕೂತಲ್ಲೇ ತಣ್ಣಗಾಗಿದ್ದ. ಎದೆ ನಿಂತಿತ್ತು. ಸುತ್ತ ಜಿಂಕೆಯೂ ಇಲ್ಲ, ರಕ್ತವೂ ಇಲ್ಲ. ತಪ್ಪಿದೆ ಎಂದು ಇಬ್ಬರೂ ತೀರ್ಮಾನಿಸಿದರು. ಕಾರ್ಲೊ ತಪ್ಪುವುದೇನು ಹೊಸದೇ?

“ನಲವತ್ತು ವರ್ಷ ಕತ್ತರಿಸಿದ್ರಿ, ನಾನು ಒಂದು ಮಾತಾಡಲಿಲ್ಲ,” ಎಂದಳು ಲೆಂಪಿ. “ಇದೊಂದು ಬೇಡ ಕಣೋ. ಬಾಲ ಕತ್ತರಿಸ್ಕೊಂಡು ಮಣ್ಣಿಗೆ ಹೋಗೋದು ಬೇಡ.”

“ಹೊಡೆದಿದ್ರೆ ನಾವೇ ಮೆರವಣಿಗೆ ಮಾಡ್ತಿದ್ವಿ. ಜಿಂಕೆ ಎಲ್ಲಿ, ತೋರಿಸು ಮತ್ತೆ?”



*

ಊರು ಅವನನ್ನು ಬಾಲವಿಲ್ಲದ ಕಾರ್ಲೊ ಎಂದೇ ಕರೆಯುತ್ತಿತ್ತು. ಅವನೂ ಓಗೊಡುತ್ತಿದ್ದ. ಡಿಸೆಂಬರ್ ಬಂದರೆ ಲೆಂಪಿ ಮೋಟು ಅಂಗಿಗಳನ್ನು ಮಡಿಲಿಗೆ ಹಾಕಿಕೊಂಡು, ಕೈಗೆ ಸಿಕ್ಕ ಬಟ್ಟೆಯಿಂದ ಹೊಸ ಬಾಲ ಹೊಲಿಯುತ್ತಿದ್ದಳು. ಒಂದು ವರ್ಷ ಹಿಟ್ಟಿನ ಚೀಲ, ಇನ್ನೊಂದು ವರ್ಷ ಅಡುಗೆಮನೆಯ ಪರದೆ, ಮತ್ತೊಂದು ವರ್ಷ ತನ್ನದೇ ಕೆಂಪು ಹೂವಿನ ಲಂಗ. ಮುಂದಿನ ನವೆಂಬರಿಗೆ ಅದೂ ಹೋಗಿ ಬಿಡಾರದ ಗೋಡೆ ಸೇರುತ್ತಿತ್ತು. ಬಿಡಾರಕ್ಕೆ ಹೆಂಗಸರು ಹೋಗುವಂತಿರಲಿಲ್ಲ. ಲೆಂಪಿಯ ಲಂಗ ಹೋಗಬಹುದಿತ್ತು.

“ಅವರಿಬ್ಬರ ಹಾಗೆ ನೀವೂ ಹೊಸ ಕೋವಿ ತಗೊಂಡು ದುರ್ಬೀನು ಹಾಕಿಸ್ಕೊಳ್ಳಬಾರದಾ?” ಎಂದು ಅವಳೊಮ್ಮೆ ಕೇಳಿದ್ದಳು.

“ಅದರೊಳಗೆ ಇಣುಕಿದರೆ ಜಿಂಕೆ ಮಾತ್ರ ಕಾಣುತ್ತೆ ಕಣೆ. ನಂಗೆ ಕಾಡೂ ಬೇಕು.”

ಅವನದು ಅಪ್ಪನ ಕಾಲದ ಲಿವರ್ ಕೋವಿ. ಲಿವರನ್ನು ಕೆಳಗೆಳೆದರೆ ಖಾಲಿ ತೋಟೆ ಹೊರಗೆ ಹಾರುತ್ತದೆ, ಮೇಲಕ್ಕೆತ್ತಿದರೆ ಹೊಸದು ಒಳಗೆ ಕೂರುತ್ತದೆ. ಒಂದೇ ಕೈಯಲ್ಲಿ ತೂಗಿ ಹಿಡಿದು ನಡೆದೂ ನಡೆದೂ ಅದರ ಹೊಟ್ಟೆಯ ಕಪ್ಪು ಬಣ್ಣ ಸವೆದು ಬೆಳ್ಳಗಾಗಿತ್ತು. ರಾತ್ರಿ ಊಟವಾದ ಮೇಲೆ ಒಲೆಯ ಮುಂದೆ ಕೂತು ಬರಿದಾದ ಕೋವಿಯ ಲಿವರ್ ಆಡಿಸುತ್ತಿದ್ದ. ಚಕ್-ಚಕ್.

“ಈ ಸದ್ದು ಕೇಳಿದ್ರೇ ಬಾಯಲ್ಲಿ ನೀರು ಬರುತ್ತೆ.”

“ನಂಗೆ ತಲೆನೋವು ಬರುತ್ತೆ.”

“ಇದನ್ನ ಹಿಡ್ಕೊಂಡು ದೂರದಿಂದ ಹೊಡೆಯೋಕಾಗಲ್ಲ ಲೆಂಪಿ. ಹತ್ತಿರ ಹೋಗಬೇಕು. ಅದರ ಮೂಗಿನ ಹಬೆ ಕಾಣೋಷ್ಟು ಹತ್ತಿರ. ಅಲ್ಲಿವರೆಗೆ ಹೋಗೋದೇ ಬೇಟೆ, ಆಮೇಲಿಂದು ಬರೀ ಸದ್ದು.”

ಅಷ್ಟು ಹತ್ತಿರ ಹೋದ ಮೇಲೆ ಅವನ ಎದೆ ಹೊಡೆದುಕೊಳ್ಳುತ್ತಿತ್ತು, ಕೈ ನಡುಗುತ್ತಿತ್ತು. ಎಷ್ಟೋ ಸಲ ತಪ್ಪುತ್ತಿದ್ದದ್ದು ಅದಕ್ಕೇ.

*

“ಪಾಪ, ನನ್ನ ತಮ್ಮ ಒದ್ದಾಡಿಬಿಟ್ಟನೇನೋ,” ಎಂದು ಹಿಲ್ಯಾ ಮೂಗು ಒರೆಸಿಕೊಂಡಳು.

“ಇಲ್ಲ ಅಕ್ಕ,” ಎಂದ ರೈನೊ. ಅವನು ಮಾತಾಡುವುದೇ ಅಪರೂಪ. “ಆರಾಮಾಗಿ ಕೂತಿದ್ದ. ಕೋವಿ ತೊಡೆ ಮೇಲೆ, ಪೈಪು ಕೈಯಲ್ಲಿ. ಅರ್ಧ ಸೇದಿದ್ದ.”

ಲೆಂಪಿ ಅಂಗಿಯನ್ನು ಬಿಟ್ಟಳು. “ಏನಂದೆ? ಹಚ್ಚಿದ ಪೈಪಾ?”

“ಹೂಂ. ಈಡು ತಪ್ಪಿತಲ್ಲ, ಬೇಜಾರಿಗೆ ಸೇದಿರಬೇಕು ಅಂದ್ಕೊಂಡ್ವಿ.”

*

ಹೊಡೆದ ವರ್ಷಗಳೂ ಇದ್ದವು. ಅಂಥದೊಂದು ವರ್ಷ ಜಿಂಕೆಯನ್ನು ಕೊಟ್ಟಿಗೆಯಲ್ಲಿ ನೇತುಹಾಕಿ ಬಂದ ಕಾರ್ಲೊ, ಏಲಕ್ಕಿ ಹಾಕಿದ ನಿಸು ಎಂಬ ಸಿಹಿ ರೊಟ್ಟಿಯನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತಾ ಹೇಳಿದ್ದ:

“ತಪ್ಪಿದರೆ ಕೈ ತಾನಾಗೇ ಚಕ್ ಅನ್ನುತ್ತೆ, ಇನ್ನೊಂದು ಈಡಿಗೆ. ಬಿತ್ತು ಅಂತ ಗೊತ್ತಾದ್ರೆ ಲಿವರ್ ಮುಟ್ಟೋದಿಲ್ಲ ನಾನು. ಕೂತ್ಕೊಂಡು ಪೈಪು ಹಚ್ತೀನಿ. ಪೈಪು ಮುಗಿಯೋವರೆಗೂ ಏಳಲ್ಲ. ಅಟ್ಟಿಸ್ಕೊಂಡು ಹೋದ್ರೆ ಅದು ಓಡುತ್ತೆ. ಬಿಟ್ಟುಬಿಟ್ರೆ ನೀರಿನ ಕಡೆ ಹೋಗಿ ಸುಮ್ಮನೆ ಮಲಗುತ್ತೆ.”

“ಹೂಂ, ಹೂಂ,” ಎಂದಿದ್ದಳು ಲೆಂಪಿ, ಗೆಡ್ಡೆ ಹೆಚ್ಚುತ್ತಾ. ಕಾಡಿನಲ್ಲಿ ಮೂವರೂ ಮೂರು ದಿಕ್ಕು. ಇದನ್ನೆಲ್ಲ ಕೇಳಿಸಿಕೊಂಡಿದ್ದವಳು ಅವಳೊಬ್ಬಳೇ.

*

“ಕೋವಿ ಎಲ್ಲಿ?”

“ನನ್ನ ಗಾಡೀಲಿದೆ. ಲಿವರ್ ಮುಟ್ಟಿಲ್ಲ ತಾಯಿ,” ಎಂದ ಸುಲೊ. “ಸತ್ತವನ ಕೋವಿ ಲಿವರ್ ಮನೆಯೋರೇ ಎಳೀಬೇಕಲ್ವಾ.”

ಚರ್ಚಿನ ಮೆಟ್ಟಿಲ ಮೇಲೆ, ನಳಿಗೆಯನ್ನು ಆಕಾಶಕ್ಕೆತ್ತಿ ಲೆಂಪಿ ಲಿವರ್ ಎಳೆದಳು. ಖಾಲಿ ಹಿತ್ತಾಳೆ ತೋಟೆಯೊಂದು ಹಾರಿ ಬಿದ್ದು, ಟಣ್ ಟಣ್ ಎಂದು ಮೆಟ್ಟಿಲಿಳಿದು ಹೋಯಿತು. ಜನ ಬಾಗಿಲಲ್ಲಿ ಗುಂಪುಗೂಡಿದ್ದರು. ರೈನೊ ಅದನ್ನು ಹೆಕ್ಕಿ ಮೂಸಿ ನೋಡಿದ.

“ಹೊಡೆದ ಮೇಲೆ ಅವರು ಲಿವರ್ ಎಳೆದೇ ಇಲ್ಲ,” ಎಂದಳು ಲೆಂಪಿ. “ಪೈಪು ಹಚ್ಚಿ ಕಾಯ್ತಾ ಕೂತಿದ್ರು. ತಪ್ಪಿಲ್ಲ ಕಣೋ. ಬಿದ್ದಿದೆ.” ಪೈಪಿನ ವಿಷಯ ಕಾರ್ಲೊ ಹೇಳಿದ್ದನ್ನೆಲ್ಲ ಅಲ್ಲೇ ಹೇಳಿದಳು.

ಸುಲೊ ಅವಳ ಕೈಯಿಂದ ಕೋವಿ ತೆಗೆದುಕೊಂಡು ಉಳಿದ ತೋಟೆಗಳನ್ನು ಹೊರತೆಗೆದ. ಮುಖ ಇಷ್ಟಗಲ ಇದ್ದದ್ದು ಇಷ್ಟೇ ಆಗಿತ್ತು. ಆದರೂ ಸೋಲಲಿಲ್ಲ. “ಜಿಂಕೆ ಇಲ್ದೆ ಬಾಲ ವಾಪಸ್ ಕೊಡೋಕಾಗಲ್ಲ.”

“ಹಾಗಾದ್ರೆ ನಡಿ, ತರೋಣ.”

“ಈಗಲೇ?” ಎಂದ ಪಾದ್ರಿ. “ಅಲ್ಲಮ್ಮ, ನಾನು ಎಷ್ಟು ಹೊತ್ತು ಪ್ರಾರ್ಥನೆ ನಡೆಸಲಿ?”

“ಜಿಂಕೆ ಸಿಗೋವರೆಗೂ,” ಎಂದಳು ಹಿಲ್ಯಾ. “ಪುಸ್ತಕದ ತುಂಬ ಹಾಡಿವೆ. ಒಂದನೇದರಿಂದ ಶುರು ಮಾಡಿ.”

ಕಪ್ಪು ಲಂಗದ ಕೆಳಗೆ ಗಂಡನ ರಬ್ಬರ್ ಬೂಟು ತೊಟ್ಟು ಲೆಂಪಿ ಗಾಡಿ ಹತ್ತಿದಳು. ಬಿಡಾರದ ಮುಂದೆ ಹಾದುಹೋಗುವಾಗ ಕಿಟಕಿಯೊಳಗೆ ಏನೋ ಹಳದಿ ಕಂಡಿತು.

“ಅಯ್ಯೋ, ನನ್ನ ಅಡುಗೆಮನೆ ಪರದೆ!”

“ಚೆನ್ನಾಗಿ ಕಾಣುತ್ತೆ ಗೋಡೆಗೆ,” ಎಂದ ರೈನೊ.

ಹೆಮ್ಲಾಕ್ ಮರದ ಸುತ್ತ ಹಿಮ ಮೊಣಕಾಲುದ್ದ ಬಿದ್ದಿತ್ತು. ಸುಲೊ, ರೈನೊ ಹಿಮ ಒದೆಯುತ್ತಾ ದಿಬ್ಬದ ಮೇಲೆಲ್ಲ ಹುಡುಕಿದರು. ಲೆಂಪಿ ಕಾರ್ಲೊ ಕೂತಿದ್ದ ಜಾಗದಲ್ಲೇ ಮರಕ್ಕೊರಗಿ ಕೂತು, ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಕೈ ತಾನಾಗಿಯೇ ಆ ಸವೆದ ಜಾಗಕ್ಕೆ ಹೋಯಿತು. ನುಣ್ಣಗಿತ್ತು. ಕರಿಟೋಪಿಯ ಪುಟ್ಟ ಹಕ್ಕಿಯೊಂದು ಬಂದು ನಳಿಗೆಯ ತುದಿಯಲ್ಲಿ ಕೂತು ಅವಳನ್ನು ನೋಡಿ ಹಾರಿಹೋಯಿತು. ಇಷ್ಟು ಚೆನ್ನಾಗಿರುತ್ತೆ ಅಂತ ಒಂದು ದಿನವಾದರೂ ಹೇಳಬಾರದಿತ್ತಾ, ಎಂದು ಅವಳಿಗೆ ಗಂಡನ ಮೇಲೆ ಸಿಟ್ಟು ಬಂತು. ಮರುಗಳಿಗೆಯೇ, ಪುಣ್ಯಾತ್ಮ ದಿನಾ ರಾತ್ರಿ ಅದನ್ನೇ ಹೇಳುತ್ತಿದ್ದನಲ್ಲ ಎಂದು ನೆನಪಾಗಿ ಅಳು ಬಂತು. ಯಾರೂ ನೋಡುತ್ತಿರಲಿಲ್ಲವಾದ್ದರಿಂದ ಅತ್ತಳು.

ಕಣ್ಣೊರೆಸಿಕೊಂಡು ನೋಡಿದರೆ, ಮರಗಳ ಸಂದಿಯಲ್ಲಿ ಕೆಳಗೆ ಕಾಡುಕಾಗೆಗಳು ಎದ್ದು ಕೂರುತ್ತಿದ್ದವು.

“ಸುಲೊ, ಹಳ್ಳ ಯಾವ ಕಡೆ?”

“ಕೆಳಗೆ.”

“ಮತ್ತೆ ಮೇಲೇನು ಹುಡುಕ್ತಿದೀಯೋ, ನಿನ್ನ ಬುದ್ಧೀನಾ?”

ಹಳ್ಳದ ದಡದಲ್ಲಿ ಹಿಮದಿಂದ ಕೊಂಬು ಎದ್ದು ನಿಂತಿತ್ತು. ಕಾಗೆ ನರಿಗಳು ಹಿಂಭಾಗದಲ್ಲಿ ತಮ್ಮ ಪಾಲು ತೆಗೆದುಕೊಂಡಿದ್ದವು. ಮುಂದಿನ ಭುಜದ ಹಿಂದೆ, ಎಲ್ಲಿರಬೇಕೋ ಅಲ್ಲಿ, ಒಂದೇ ಒಂದು ತೂತು. ಬೆರಳು ಹೋಗುವಷ್ಟು.

ಸುಲೊ ಟೋಪಿ ತೆಗೆದ. “ಕಳ್ಳ ನನ್ಮಗ,” ಎಂದ ಕೊನೆಗೆ, ಕೆನ್ನೆ ಮೇಲೆ ನೀರಿಳಿಯುತ್ತಿತ್ತು, “ಜೀವಮಾನದಲ್ಲಿ ಇಂಥಾ ಈಡು ಹೊಡೆದು, ಜಂಬ ಕೊಚ್ಚಿಕೊಳ್ಳೋಕೂ ಇಲ್ದೆ ಹೋಗಿಬಿಟ್ನಲ್ಲೋ!”

ಹಿಂತಿರುಗುವಾಗ ಅವನು ಮೆಲ್ಲಗೆ ಕೇಳಿದ, “ಮುಂದಿನ ವರ್ಷ ಈ ಕೋವೀನ ಯಾರು ಒಯ್ಯೋದು ಲೆಂಪಿ?”

“ನಾನೇ.”

“ಬಿಡಾರಕ್ಕೆ ಹೆಂಗಸರು...”

“ನನ್ನ ಪರದೆ ಅಲ್ಲಿದೆ. ಲಂಗಾನೂ ಅಲ್ಲಿದೆ. ನಾನೊಬ್ಬಳು ಬಂದ್ರೆ ಹೆಚ್ಚಾಗುತ್ತಾ?”

ರೈನೊ ನಕ್ಕ. ಸುಲೊ ಗಾಡಿ ಓಡಿಸಿದ.

ಚರ್ಚಿನಲ್ಲಿ ಇನ್ನೂ ಹಾಡುತ್ತಿದ್ದರು. ಪಾದ್ರಿಯ ಗಂಟಲು ಕಟ್ಟಿ, ತುಟಿ ಮಾತ್ರ ಆಡುತ್ತಿತ್ತು. ಗಾಡಿಯ ಸದ್ದು ಕೇಳಿದ್ದೇ ಹಾಡನ್ನು ನಡುವೆಯೇ ಬಿಟ್ಟು ಎಲ್ಲರೂ ಹೊರಗೆ ಓಡಿದರು. ಪಾದ್ರಿಯೇ ಎಲ್ಲರಿಗಿಂತ ಮುಂದೆ. ಮುದುಕರು ಒಬ್ಬೊಬ್ಬರಾಗಿ ಬಂದು ಆ ತೂತಿಗೆ ಬೆರಳಿಟ್ಟು ನೋಡಿ ತಲೆದೂಗಿದರು.

ಸುಲೊ ಜೇಬಿನಿಂದ ಬಾಲ ತೆಗೆದುಕೊಟ್ಟ. ಹಿಲ್ಯಾಳ ಚೀಲದಲ್ಲಿ ಸೂಜಿ ದಾರ ಸಿಕ್ಕವು. ಕಾರ್ಲೊನನ್ನು ಒಂದು ಮಗ್ಗುಲಿಗೆ ಹೊರಳಿಸಿ ರೈನೊ ಹಿಡಿದುಕೊಂಡ, ಲೆಂಪಿ ಹೊಲಿದಳು. ಹಿಟ್ಟಿನ ಚೀಲಕ್ಕೂ ಪರದೆಗೂ ಹಾಕಿದ್ದಕ್ಕಿಂತ ಸಣ್ಣ ಹೊಲಿಗೆ. ದಾರ ಹಲ್ಲಿನಿಂದ ಕಡಿದು, ಬಾಲವನ್ನು ಒಳಗೆ ಸಿಕ್ಕಿಸಿ ನೇರ ಮಾಡಿದಳು.

ತಿರುಗಿದರೆ ಸುಲೊ ಕೋಟು ಬಿಚ್ಚಿ, ಅಂಗಿ ಹೊರಗೆಳೆದು, ಬೆನ್ನು ತೋರಿಸಿ ನಿಂತಿದ್ದ. ಪಕ್ಕದಲ್ಲಿ ರೈನೊ ಕೂಡ.

“ಇದೇನೋ?”

“ತಪ್ಪಿದ್ದು ನಾವು ತಾನೇ? ನೇಮ ಅಂದ್ರೆ ನೇಮ. ಕತ್ತರಿ ನನ್ನ ಕೋಟಿನ ಜೇಬಲ್ಲೇ ಇದೆ. ಬೇಗ ಮಾಡು, ಚಳಿ.”

ಲೆಂಪಿ ಬೇಗ ಮಾಡಲಿಲ್ಲ. ನಿಧಾನವಾಗಿ, ಸೊಟ್ಟಸೊಟ್ಟಗೆ, ಬೇಕಾದ್ದಕ್ಕಿಂತ ಒಂದು ಗೇಣು ಮೇಲಕ್ಕೇ ಕತ್ತರಿಸಿದಳು. ಎರಡೂ ಬಾಲಗಳನ್ನು ಮಡಚಿ, ಪೈಪಿನ ಜೊತೆಗೆ ಗಂಡನ ಕೋಟಿನ ಜೇಬಿಗೆ ಹಾಕಿದಳು. ಖಾಲಿ ತೋಟೆಯನ್ನು ಮಾತ್ರ ತಾನಿಟ್ಟುಕೊಂಡಳು.

ಗುಣಿಯ ಹತ್ತಿರ ಗಾಳಿ ಜೋರಿತ್ತು. ಪಾದ್ರಿಯ ದನಿ ಪೂರ್ತಿ ಹೋಗಿದ್ದರಿಂದ ಕೊನೆಯ ಪ್ರಾರ್ಥನೆ ಯಾರಿಗೂ ಕೇಳಿಸಲಿಲ್ಲ. ಸುಲೊ ಒಂದು ಕಡೆ, ರೈನೊ ಇನ್ನೊಂದು ಕಡೆ ಹಗ್ಗ ಹಿಡಿದು ಬಗ್ಗಿ ಪೆಟ್ಟಿಗೆ ಇಳಿಸತೊಡಗಿದರು. ಬಗ್ಗಿದ್ದೇ ಗಾಳಿ ಕೋಟುಗಳನ್ನು ತಲೆಯವರೆಗೆ ಎತ್ತಿಹಾಕಿತು. ಇಬ್ಬರು ಮುದುಕರ ಬಿಳಿಚಿದ ಬೆನ್ನು ಊರಿಗೆಲ್ಲ ಕಂಡಿತು. ಮೊದಲು ನಕ್ಕವಳು ಲೆಂಪಿ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ.

ಮೇಲಿನ ಕೊಂಬೆಯಿಂದ ಹಿಡಿ ಹಿಮ ಜಾರಿ ಸರಿಯಾಗಿ ಸುಲೊನ ಬೆನ್ನ ಮೇಲೆ ಬಿತ್ತು.

“ಅಯ್ಯಯ್ಯಪ್ಪಾ!” ಎಂದು ಅವನು ಕೂಗಿದ. ಆದರೆ ಹಗ್ಗ ಬಿಡಲಿಲ್ಲ.