ಇಂಜಿನಿಯರ್ ಲಸಿಸಿ ತೊಟ್ಟ ನೇರಳೆ ಅಗ್ಬಾಡ

ನಾನು ಹೊಲಿದ ಅಗ್ಬಾಡವೆಂಬ ಅಗಲ ತೋಳಿನ ನಿಲುವಂಗಿಯೊಂದು, ಒಳಗೆ ನರಮನುಷ್ಯನೇ ಇಲ್ಲದೆ, ಗೋಡೆಯ ಮೊಳೆಯಿಂದ ತಾನಾಗಿ ಕೆಳಗಿಳಿದು, ಮಾರುಕಟ್ಟೆಯ ನಡುವೆ ತೋಳು ಬೀಸಿಕೊಂಡು ನಡೆದು, ಒಂದು ಸೇತುವೆಯ ಉದ್ಘಾಟನೆ ಮುಗಿಸಿ, ಭಾಷಣಕ್ಕೆ ಚಪ್ಪಾಳೆಯನ್ನೂ ಗಿಟ್ಟಿಸಿಕೊಂಡು, ಹೊತ್ತು ಮುಳುಗುವ ಮೊದಲು ವಾಪಸ್ ಬಂದು ಅದೇ ಮೊಳೆಗೆ ನೇತುಕೊಂಡಿತ್ತು. ಇಬಾದಾನಿನ ಅರ್ಧ ಊರು ಇದಕ್ಕೆ ಸಾಕ್ಷಿ. ಉಳಿದರ್ಧ ಆ ಹೊತ್ತಿಗೆ ಅಮಲಾ ಮುದ್ದೆ ಉಣ್ಣಲು ಕೂತಿದ್ದರಿಂದ ನೋಡಲಾಗಲಿಲ್ಲ.

ದರ್ಜಿ ಸಿಕಿರು ಎಂದರೆ ಸುಮ್ಮನೆ ಅಲ್ಲ. ಮೊನ್ನೆ ಮೂವರು ಎಳೆಯ ಇಂಜಿನಿಯರ್‌ಗಳು ನನ್ನ ಅಂಗಡಿಗೆ ಬಂದರು. ಮೂವರಿಗೂ ಮೊಣಕೈ ಹರಿದ ಅಂಗಿ. "ಬಾಬಾ, ಒಂದು ತೇಪೆ ಹಾಕಿಕೊಡಿ, ಸಾಕು" ಅಂದರು. ತೇಪೆಯಂತೆ ತೇಪೆ! ತೇಪೆ ಹಾಕಿಸಿಕೊಂಡು ಯಾವನಾದರೂ ಮೇಲಕ್ಕೆ ಹೋದದ್ದುಂಟೇ? ಮೂವರನ್ನೂ ಬೆಂಚಿನ ಮೇಲೆ ಕೂರಿಸಿ ಇಂಜಿನಿಯರ್ ಲಸಿಸಿಯ ಕಥೆ ಹೇಳಿದೆ. ಅದನ್ನೇ ಇಲ್ಲಿ ಇಳಿಸಿದ್ದೇನೆ. ಒಂದಕ್ಷರವೂ ಹೆಚ್ಚಿಲ್ಲ, ನನ್ನ ಸಂಕೋಚದಿಂದಾಗಿ ಕೆಲವು ಕಡಿಮೆ ಇರಬಹುದು.

ಲಸಿಸಿಯಂಥ ಇಂಜಿನಿಯರ್ ನೈಜರ್ ನದಿಯ ಈಚೆಗೂ ಇರಲಿಲ್ಲ, ಆಚೆಗೂ ಇರಲಿಲ್ಲ. ಕಾಂಕ್ರೀಟ್ ಕಂಬಕ್ಕೆ ಬೆರಳಲ್ಲಿ ಎರಡು ಸಲ ಬಡಿದರೆ ಸಾಕು, ಒಳಗೆ ಎಷ್ಟು ಸಿಮೆಂಟು ಬಿದ್ದಿದೆ, ಎಷ್ಟು ಮೇಸ್ತ್ರಿಯ ಮನೆಗೆ ಹೋಗಿದೆ, ಅದರಲ್ಲಿ ಮೇಸ್ತ್ರಿ ಹಿತ್ತಲಲ್ಲಿ ಏನು ಕಟ್ಟಿಸಿಕೊಂಡಿದ್ದಾನೆ ಎಂಬುದನ್ನೂ ಹೇಳಿಬಿಡುತ್ತಿದ್ದ. ಆದರೆ ಮೈಮೇಲಿನ ಅಂಗಿ! ಒಂದು ಕಾಲಕ್ಕೆ ಅದು ನೀಲಿಯಂತೆ. ಹನ್ನೊಂದು ವರ್ಷ ಸಿಮೆಂಟು ಕುಡಿದೂ ಕುಡಿದೂ ಎಷ್ಟು ಗಡುಸಾಗಿತ್ತೆಂದರೆ, ಬಿಚ್ಚಿಟ್ಟರೆ ಮೂಲೆಯಲ್ಲಿ ತಾನೇ ನಿಂತುಕೊಳ್ಳುತ್ತಿತ್ತು. ಹೆಂಡತಿ ಮುಲಿಕತ್ ಒಂದು ಹಬ್ಬದ ಹಿಂದಿನ ದಿನ ಅದಕ್ಕೇ ಟಗರು ಕಟ್ಟಿಹಾಕಿದ್ದಳು.

ಚೀಫ್ ಫಡೈರೊ ಅವರ ಕಂಪನಿಯಲ್ಲಿ ಲಸಿಸಿಗೆ ಎರಡು ಸಲ ಬಡ್ತಿ ತಪ್ಪಿತ್ತು. ಒಂದು ಸಲ ಮಿರುಗುವ ಬೂಟಿನವನಿಗೆ ಹೋಯಿತು, ಇನ್ನೊಂದು ಸಲ ರೇಷ್ಮೆಯ ಕರವಸ್ತ್ರದವನಿಗೆ. ಈಗ ಹೊಸ ಸೇತುವೆಗೆ ಒಬ್ಬ ಮ್ಯಾನೇಜರ್ ಬೇಕಾಗಿದ್ದ. ಇದು ಕೊನೆಯ ಅವಕಾಶ. ಐವತ್ತು ದಾಟಿದವರನ್ನು ಆ ಕುರ್ಚಿಗೆ ತೆಗೆದುಕೊಳ್ಳುವುದಿಲ್ಲ, ಲಸಿಸಿಗೆ ಆಗಲೇ ನಲವತ್ತೊಂಬತ್ತು. ಎದುರಿಗೆ ನಿಂತವನು ಡೊಟುನ್. ಆ ಸೆಕೆಯಲ್ಲೂ ಮೂರು ಪದರದ ಸೂಟು. ಕಾಂಕ್ರೀಟು ಎಷ್ಟು ದಿನಕ್ಕೆ ಗಟ್ಟಿಯಾಗುತ್ತದೆ ಎಂದು ಕೇಳಿದರೆ ಫೋನು ತೆಗೆದು ನೋಡುವ ಆಸಾಮಿ.

ಸಂದರ್ಶನಕ್ಕೆ ಅರ್ಜಿ ಕೊಡಲು ಲಸಿಸಿ ಮುಖ್ಯ ಕಚೇರಿಗೆ ಹೋದ. ಗೇಟಿನಲ್ಲೇ ಕಾವಲುಗಾರ ತಡೆದ.

"ಏಯ್ ಅಣ್ಣ, ಮರಳು ಇಳಿಸೋರು ಹಿಂದಿನ ಗೇಟು!"

"ನಾನು ಇಂಜಿನಿಯರ್ ಲಸಿಸಿ ಕಣಪ್ಪ."

"ನಾನು ಈ ರಾಜ್ಯದ ಗವರ್ನರ್ರು. ಹಿಂದಿನ ಗೇಟು ಅಂದೆ."

ಜಗಳವಾಡುವ ಜಾಯಮಾನದವನಲ್ಲ ಲಸಿಸಿ. ಹಿಂದಿನ ಗೇಟಿಗೆ ಹೋದ. ಅಲ್ಲಿ ಯಾರೋ ಕೈಗೆ ಬುಟ್ಟಿ ಕೊಟ್ಟರು. ಗುರುತಿನವರು ಯಾರಾದರೂ ಕಣ್ಣಿಗೆ ಬೀಳುವಷ್ಟರಲ್ಲಿ ಪಾಪ, ಅರ್ಧ ಲಾರಿ ಮರಳು ಇಳಿಸಿಬಿಟ್ಟಿದ್ದ.

ಅಂದು ಮನೆಯಲ್ಲಿ ಮುಲಿಕತ್ ಕೆರಳಿದಳು. ಹಿರಿಮಗಳು ಕಫಾಯಳ ಹೆಸರು ಹಿಡಿದೇ ಅವಳು ಗಂಡನನ್ನು ಕರೆಯುವುದು.

"ಬಾಬಾ ಕಫಾಯ, ಈ ಸಲಾನೂ ಆ ಅಂಗೀಲೇ ಹೋದ್ರೆ ನಾನು ನಮ್ಮಮ್ಮನ ಮನೇಗೆ ಹೋಗ್ತೀನಿ, ನೋಡ್ತಾ ಇರಿ."

"ಅಲ್ವೇ, ಸೇತುವೆ ಲೆಕ್ಕ ಅಂಗಿ ಹಾಕುತ್ತಾ? ತಲೆ ತಾನೇ ಹಾಕೋದು?"

"ತಲೆ ಒಳಗಿರೋದು ಅವರಿಗೆ ಕಾಣ್ಸಲ್ಲ. ತಲೆ ಮೇಲಿರೋದು ಕಾಣ್ಸುತ್ತೆ. ಮೇಲಿರೋದು ಸಿಮೆಂಟು!"

ಮರುದಿನ ಗಂಡನನ್ನು ದರದರನೆ ಎಳೆದುಕೊಂಡು ನನ್ನಲ್ಲಿಗೆ ಬಂದಳು. ನನ್ನ ಅಂಗಡಿಯ ಮೂಲೆಯಲ್ಲಿ ಹನ್ನೆರಡು ಗಜ ನೇರಳೆ ಲೇಸು ಬಿದ್ದಿತ್ತು, ಮೈತುಂಬ ಚಿನ್ನದ ಹೂವು. ಒಂದು ದೊಡ್ಡ ಮನೆತನಕ್ಕೆ ನೂರಿಪ್ಪತ್ತು ಅಗ್ಬಾಡ ಹೊಲಿದು ಮಿಕ್ಕ ಬಟ್ಟೆ. ಯಾವ ಮನೆತನ? ಬಟ್ಟೆಯ ಗೋತ್ರ ಕೇಳುವ ಅಭ್ಯಾಸ ನನಗಿಲ್ಲ. ಮೂರು ದಿನದಲ್ಲಿ ಅಂಥದೊಂದು ಅಗ್ಬಾಡ ಹೊಲಿದೆ, ಅದನ್ನು ತೊಟ್ಟು ಲಸಿಸಿ ಬಾಗಿಲಿಂದ ಹೊರಗೆ ಕಾಲಿಟ್ಟಾಗ ಎದುರಿನ ರಸ್ತೆಯಲ್ಲಿ ನಾಲ್ಕು ಬಸ್ಸುಗಳು ತಾವಾಗಿ ನಿಂತವು, ಐದನೆಯದು ಹಿಂದಕ್ಕೆ ಹೋಯಿತು.

ನಮ್ಮಲ್ಲಿ ಮದುವೆಯಾಗಲಿ ಸಾವಾಗಲಿ, ಮನೆಯವರೆಲ್ಲ ಒಂದೇ ಬಟ್ಟೆ ತೊಡುತ್ತಾರೆ, ಸ್ನೇಹಿತರಿಗೆ ಬೇರೆ ಬಟ್ಟೆ. ಬಟ್ಟೆ ನೋಡಿದರೆ ಸಾಕು, ಒಳಕೋಣೆಯಲ್ಲಿ ಉಣ್ಣುವವರು ಯಾರು, ಹೊರಗಿನ ಶಾಮಿಯಾನದಲ್ಲಿ ಉಣ್ಣುವವರು ಯಾರು ಎಂದು ಹಾಲುಹಲ್ಲಿನ ಮಗುವೂ ಹೇಳುತ್ತದೆ. ಲಸಿಸಿಗೆ ಮಾತ್ರ ಹೇಳಲು ಬರುತ್ತಿರಲಿಲ್ಲ. ಸಮಾರಂಭಗಳು ಇರುವುದು ಶನಿವಾರ. ಅವನು ಒಂಬತ್ತು ವರ್ಷದಿಂದ ಪ್ರತಿ ಶನಿವಾರ ಕಾಂಕ್ರೀಟು ಸುರಿಯುವುದರಲ್ಲೇ ಇದ್ದ. ಚೀಫ್ ಫಡೈರೊ ಅವರ ತಾಯಿ ತೊಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದು ಗೊತ್ತಿತ್ತು. ಆ ಮನೆಯವರು ವಾರಗಟ್ಟಲೆ ತಯಾರಿ ನಡೆಸಿ ಮಣ್ಣು ಮಾಡುವ ದಿನಕ್ಕೆಂದು ಆರಿಸಿದ್ದು ಚಿನ್ನದ ಹೂವಿನ ನೇರಳೆ ಲೇಸು ಎಂಬುದು ಗೊತ್ತಿರಲಿಲ್ಲ.

ಸೋಮವಾರ ಅದೇ ಗೇಟು, ಅದೇ ಕಾವಲುಗಾರ. ಅಗ್ಬಾಡ ಕಂಡದ್ದೇ ತಡ, ಮನುಷ್ಯ ನೆಲಕ್ಕೆ ಉದ್ದಕ್ಕೆ ಬಿದ್ದ. "ಓಗಾ! ದೊಡ್ಡೋರು! ಕಾರೆಲ್ಲಿ ಸ್ವಾಮಿ?" ಒಳಗೆ ಸ್ವಾಗತದ ಹುಡುಗಿ ಮಂಡಿಯೂರಿದಳು. ಬೆಳಗಿನಿಂದ ಕಾಯುತ್ತಿದ್ದ ಡೊಟುನ್ ತನ್ನ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಬಿಟ್ಟುಕೊಟ್ಟ.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು. ಲಸಿಸಿ ಒಳಗೆ ಬರುತ್ತಲೇ ಮೂವರೂ ಎದ್ದು ನಿಂತರು. ಅವರ ಮುಖ್ಯಸ್ಥೆ ಶ್ರೀಮತಿ ಅಡೆಟೊಲ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಅಮ್ಮನ ವಿಷಯ ಕೇಳಿ ತುಂಬ ನೋವಾಯ್ತು ಸರ್."

ಲಸಿಸಿಯ ತಾಯಿ ಸತ್ತು ಹತ್ತು ವರ್ಷವಾಗಿತ್ತು. ಕಚೇರಿಯವರು ಈಗಲಾದರೂ ವಿಚಾರಿಸಿದರಲ್ಲ ಎಂದು ಅವನು ಕೈಮುಗಿದ.

"ಏನ್ಮಾಡೋದು ಮೇಡಂ, ಇನ್ನೂ ಮೊನ್ನೆ ಮೊನ್ನೆ ಆದ ಹಾಗಿದೆ."

"ಹೌದಲ್ವಾ ಮತ್ತೆ! ಸಿದ್ಧತೆ ಎಲ್ಲ ಆಗಿದೆಯಾ?"

ಸದ್ಯ, ಕೆಲಸದ ಮಾತಿಗೆ ಬಂದರು ಎಂದು ಲಸಿಸಿ ನೆಟ್ಟಗೆ ಕೂತ. "ಕಬ್ಬಿಣ ಬಂದಿಳಿದಿದೆ, ಜಲ್ಲಿ ಬಂದಿದೆ. ಇನ್ನು ತೋಡೋದೊಂದೇ ಬಾಕಿ."

"ಎಷ್ಟು ಆಳ ಸರ್?"

"ಹದಿನೆಂಟು ಮೀಟರ್."

ಮೂವರೂ ಮುಖಮುಖ ನೋಡಿಕೊಂಡರು.

"ಅಂಥ ತಾಯಿಗೆ ಅಷ್ಟಾದರೂ ಬೇಕು ಬಿಡಿ," ಅಂದರು ಶ್ರೀಮತಿ ಅಡೆಟೊಲ.

ಚಹಾ ಆರುವ ಮೊದಲೇ ನೇಮಕದ ಪತ್ರ ಟೈಪಾಯಿತು. "ಚೀಫ್ ಸಹಿ ಒಂದು ಬಾಕಿ. ಅವರು ಮಣ್ಣು ಮುಗಿಸಿಕೊಂಡು ಮುಂದಿನ ಸೋಮವಾರ ಬಂದು ಹಾಕ್ತಾರೆ. ನಿಮಗೆ ನಾವು ಹೇಳಬೇಕಾ?" ಎಂದು ಮೂವರೂ ಲಿಫ್ಟಿನವರೆಗೆ ಬಂದು ಬೀಳ್ಕೊಟ್ಟರು.

ಮನೆಗೆ ಬಂದ ಲಸಿಸಿಗೆ ಸಮಾಧಾನವಿಲ್ಲ. "ಇವಳೇ, ಕಾಂಕ್ರೀಟಿನ ಬಗ್ಗೆ ಒಂದು ಪ್ರಶ್ನೇನೂ ಕೇಳ್ಲಿಲ್ಲ. ಬರೀ ನಮ್ಮಮ್ಮನ ಸುದ್ದಿ."

"ಒಳ್ಳೇ ಬಟ್ಟೆ ಹಾಕ್ಕೊಂಡೋರನ್ನ ಯಾರು ಪರೀಕ್ಷೆ ಮಾಡ್ತಾರೆ? ಶನಿವಾರ ಚೀಫ್ ಮನೇಗೆ ಇದನ್ನೇ ಹಾಕ್ಕೊಂಡು ಹೋಗಿ. ಅವರ ಕಣ್ಣಿಗೂ ಬೀಳಲಿ."

ಶನಿವಾರ ಚೀಫ್ ಮನೆಯ ತಿರುವಿನಲ್ಲಿ ಲಸಿಸಿ ಗಾಡಿಯಿಂದಿಳಿದ. ತಲೆಯೆತ್ತಿ ನೋಡುತ್ತಾನೆ, ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ನೇರಳೆ! ತಾತಂದಿರು ನೇರಳೆ, ಸೊಸೆಯಂದಿರು ನೇರಳೆ, ತೊಟ್ಟಿಲ ಕೂಸೂ ನೇರಳೆ. ಹಿಂದಕ್ಕೆ ಹೆಜ್ಜೆಯಿಟ್ಟವನನ್ನು ಯಾರೋ ತೋಳು ಹಿಡಿದು, "ಎಲ್ಲಿಗೆ ಅಣ್ಣ, ಮನೆಯವರು ಮುಂದೆ!" ಎಂದು ಒಳಕ್ಕೆ ನೂಕಿದರು. ತಂದೆಯ ಕಡೆಯವರು ಇವನು ತಾಯಿಯ ಕಡೆಯವನೆಂದುಕೊಂಡರು, ತಾಯಿಯ ಕಡೆಯವರು ತಂದೆಯ ಕಡೆಯವನೆಂದುಕೊಂಡರು. ತಟ್ಟೆಗೆ ಜೊಲ್ಲೊಫ್ ಅನ್ನ ಬಿತ್ತು, ಅದರ ಮೇಲೆ ಇಡೀ ಕೋಳಿಯೇ ಬಂದು ಕೂತಿತು. ಲಸಿಸಿಗೆ ಒಂದೇ ಲೆಕ್ಕ: ಸಿಕ್ಕಿಬಿದ್ದರೆ ಸೇತುವೆಯಷ್ಟೇ ಅಲ್ಲ, ಈಗಿರುವ ನಾಲ್ಕನೇ ಸೈಟಿನ ಕೆಲಸವೂ ಹೋಯಿತು. ಹೆದರಿಕೆಗೆ ಕಣ್ಣಿಂದ ಬುಳುಬುಳು ನೀರು.

ಅಷ್ಟರಲ್ಲಿ ಚೀಫ್ ಸಾಲಿನುದ್ದಕ್ಕೂ ಮಾತಾಡಿಸುತ್ತ ಬಂದವರು ಇವನೆದುರು ನಿಂತರು. ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನು ಯಾರ ಮಗನಪ್ಪ?"

ಕೇಳಿ ಇಂಜಿನಿಯರ್‌ಗಳೇ, ಸರಿಯಾಗಿ ಆ ಕ್ಷಣಕ್ಕೆ ಅಂಗಳದ ಕುಣಿತದ ವೇದಿಕೆ ಕಿರ್ ಎಂದಿತು! ಮೇಲೆ ನಾನೂರು ಜನ ಕುಣಿಯುತ್ತಿದ್ದಾರೆ, ನಗಾರಿಯವರು ಬೇರೆ. ಲಸಿಸಿ ಒಂದು ಬೆರಳು ಬಡಿದ, "ಬೀಳುತ್ತೆ!" ಎಂದ, ಅಗ್ಬಾಡ ಬೀಸಿ ಹೆಗಲಿಗೇರಿಸಿ ವೇದಿಕೆಯ ಕೆಳಗೆ ನುಗ್ಗಿದ. ನಾನೂರು ಜನರನ್ನೂ ನಗಾರಿಗಳನ್ನೂ ಒಂದೇ ಹೆಗಲ ಮೇಲೆ ಎರಡು ಗಂಟೆ ಹೊತ್ತು ನಿಂತ. ಒಂದು ಹೊಲಿಗೆ ಬಿಡಬೇಕಲ್ಲ, ಊಹೂಂ! ಚೀಫ್ ಅತ್ತುಬಿಟ್ಟರು. ಅಲ್ಲೇ, ಅವನ ಬೆನ್ನಿನ ಮೇಲೇ ಪತ್ರ ಇಟ್ಟು ಸಹಿ ಹಾಕಿದರು. ನೀಲಿ ಅಂಗಿಯಲ್ಲಿ ಹೋಗಿದ್ದರೆ ವೇದಿಕೆಯ ಹತ್ತಿರ ಬಿಡುತ್ತಿದ್ದರೇ? ಹೂಂ, ಒಬ್ಬೊಬ್ಬರಾಗಿ ತೋಳು ಚಾಚಿ, ಅಳತೆ ತಗೊಳ್ತೀನಿ...

"ಯಾರು, ನನ್ನ ಗಂಡಾನಾ?"

ನಾನು ಅಳತೆಪಟ್ಟಿ ಬಿಚ್ಚಿದವನು ಹಾಗೇ ನಿಂತೆ. ಮಗನ ಖಾಕಿ ಚಡ್ಡಿ ಹೊಲಿಸಲು ಬಂದ ಮುಲಿಕತ್ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ನಾನೂರು ಜನರನ್ನ ಹೊತ್ನಾ?"

"ನಾನೂರು ಅಂದ್ರೆ... ಒಂದು ಅಂದಾಜು ತಾಯಿ."

"ನಮ್ಮನೇಲಿ ಗ್ಯಾಸ್ ಸಿಲಿಂಡರ್ ಎತ್ತೋಕೂ ನನ್ನನ್ನೇ ಕರೀತಾರೆ. ಪಾಪದ ಮಕ್ಕಳ ತಲೆ ಯಾಕೆ ಕೆಡಿಸ್ತೀಯ ಸಿಕಿರು? ನಡೆದದ್ದು ಹೇಳು. ಇಲ್ಲಾಂದ್ರೆ ನಾನೇ ಹೇಳ್ತೀನಿ, ಅದು ನಿನಗೆ ಇನ್ನೂ ಕಷ್ಟ."

ಮೂವರು ಇಂಜಿನಿಯರ್‌ಗಳೂ ಚಾಚಿದ ತೋಳುಗಳನ್ನು ಕೆಳಗಿಳಿಸಿದರು.

ಸರಿ. ಸಿಕ್ಕಿಬಿದ್ದೆ. ವೇದಿಕೆ ಕಿರ್ ಎನ್ನಲೂ ಇಲ್ಲ, ಮುರಿಯಲೂ ಇಲ್ಲ. ಬೀಳುವಂಥದ್ದೇನಲ್ಲ, ಗಟ್ಟಿಯಾಗಿಯೇ ಇತ್ತು. ಯಾರ ಮಗನೆಂದು ಚೀಫ್ ಕೇಳಿದ್ದು ನಿಜ. ಲಸಿಸಿಗೆ ಸುಳ್ಳು ಹೇಳಲು ಬರುವುದಿಲ್ಲ. ತಟ್ಟೆ ಪಕ್ಕಕ್ಕಿಟ್ಟು ಅಡ್ಡಬಿದ್ದು, "ನಾನು ನಿಮ್ಮ ಪೈಕಿ ಯಾರ ಮಗನೂ ಅಲ್ಲ ಸರ್, ನಾಲ್ಕನೇ ಸೈಟಿನ ಇಂಜಿನಿಯರ್. ಬಟ್ಟೆ ನಿಮ್ಮ ಮನೇದು ಅಂತ ಗೊತ್ತಿರಲಿಲ್ಲ," ಎಂದ. ಚೀಫ್ ಮುಖ ಕೆಂಡವಾಯಿತು. ಕೆಲಸದಿಂದ ಕಿತ್ತುಹಾಕಲು ಬಾಯಿ ತೆರೆದೇಬಿಟ್ಟಿದ್ದರು. ಆಗ ಸತ್ತವರ ತಂಗಿ, ತೊಂಬತ್ತು ದಾಟಿದ ಮುದುಕಿ, ಕೋಲು ಊರಿಕೊಂಡು ನಡುವೆ ಬಂದಳು.

"ಸುಮ್ನಿರೋ! ಬೆಳಗಿನಿಂದ ನೋಡ್ತಿದ್ದೀನಿ. ನಿನ್ನ ಹೆಂಡತಿ ಕಣ್ಣಲ್ಲಿ ಒಂದು ಹನಿ ಇಲ್ಲ, ಈ ಹುಡುಗ ಒಂದೇ ಸಮ ಅಳ್ತಾ ಇದ್ದಾನೆ. ನಮ್ಮ ಬಟ್ಟೆ ಹಾಕ್ಕೊಂಡು ನಮ್ಮಕ್ಕನಿಗೆ ಅತ್ತೋನು ನಮ್ಮೋನು. ಅವನನ್ನ ಓಡಿಸಿದ್ರೆ ನಾನೂ ಇಲ್ಲಿ ನೀರು ಮುಟ್ಟಲ್ಲ."

ಸೋಮವಾರ ಚೀಫ್ ಸಹಿ ಹಾಕಿದರು, ಕಾಗದದ ಕಡೆ ನೋಡದೆ. ಲಸಿಸಿ ಈಗ ಮ್ಯಾನೇಜರ್, ಆ ಮನೆಯ ನೆಂಟ. ಶನಿವಾರ ಬಂತೆಂದರೆ ಆ ಮನೆತನದ ಒಂದಲ್ಲ ಒಂದು ನಾಮಕರಣ, ಮದುವೆ, ಮಣ್ಣು, ತಪ್ಪಿಸಿಕೊಳ್ಳುವ ಹಾಗಿಲ್ಲ. ಸೇತುವೆಗೆ ಕಾಂಕ್ರೀಟು ಸುರಿಸುವವನು ಡೊಟುನ್, ಫೋನು ನೋಡಿಕೊಂಡು. ಕಂಬಕ್ಕೆ ಬೆರಳು ಬಡಿಯಲು ಯಾರಿಗೂ ಪುರುಸೊತ್ತಿಲ್ಲ.

"ಇನ್ನೊಂದಿದೆಯಲ್ಲ," ಅಂದಳು ಮುಲಿಕತ್.

ಇದೆ. ಆ ಹನ್ನೆರಡು ಗಜ ಮಿಕ್ಕ ಬಟ್ಟೆಯಲ್ಲ. ನೂರಿಪ್ಪತ್ತು ಅಗ್ಬಾಡಗಳ ತೋಳಿನಲ್ಲೂ ನಾನು ನಾಲ್ಕು ಬೆರಳು ಕದ್ದಿದ್ದೆ. ಕತ್ತರಿಸುವ ಮೊದಲೇ ಥಾನಿನಿಂದ ತೆಗೆದಿಟ್ಟಿದ್ದೆ. ಯಾವ ಮನೆಯದೆಂದೂ ಗೊತ್ತಿತ್ತು. ಸಾಲಾಗಿ ನಿಂತಾಗ ಇಡೀ ಮನೆತನದ ಮಣಿಕಟ್ಟು ಹೊರಗೆ ಕಾಣುತ್ತಿತ್ತು, ಲಸಿಸಿ ಒಬ್ಬನ ತೋಳು ಮಾತ್ರ ಪೂರ್ತಿ ಇತ್ತು; ಚೀಫ್ ಅವನೆದುರೇ ನಿಂತು ಕೇಳಿದ್ದು ಅದಕ್ಕೇ.

ಮೂವರಲ್ಲಿ ಕಿರಿಯವನು ದನಿ ತಗ್ಗಿಸಿ ಕೇಳಿದ: "ಬಾಬಾ, ಈಗ ಯಾವ ಮನೆತನದ ಬಟ್ಟೆ ಇದೆ ನಿಮ್ಮ ಹತ್ರ?"

ಯಾವುದೂ ಇಲ್ಲ ಮಗ. ಅಂದಿನಿಂದ ಈ ಊರಿನ ಯಾವ ಮನೆತನವೂ ನನ್ನ ಕೈಗೆ ಬಟ್ಟೆ ಕೊಟ್ಟಿಲ್ಲ. ಈಗ ನಾನು ಹೊಲಿಯುವುದು ಶಾಲೆ ಮಕ್ಕಳ ಖಾಕಿ ಚಡ್ಡಿ. ಅದೂ ಅವರಮ್ಮಂದಿರು ಎದುರಿಗೇ ಕೂತು ನೋಡುತ್ತಿದ್ದರೆ ಮಾತ್ರ.